ಬೆಟ್ಟ ಹತ್ತಿದ ಟ್ರಕ್ಕು ನೆಲಕ್ಕಿಳಿದ ಕಥೆ

ಮಲೆನಾಡಿನ ಕಾಫಿ ತೋಟದ ದಾರಿಗಳಲ್ಲಿ ಹಳೆಯ ಜೀಪು ಹತ್ತಿದವರಿಗೆ ಈ ದೃಶ್ಯ ನೆನಪಿರಬಹುದು. ಜಡಿಮಳೆ. ಕೆಮ್ಮಣ್ಣಿನ ಏರು. ಹಿಂದಿನ ಚಕ್ರಗಳು ಕೆಸರಿನಲ್ಲಿ ಗರಗರ ತಿರುಗುತ್ತವೆ, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಡ್ರೈವರಿಗೆ ಗಾಬರಿಯೇನಿಲ್ಲ. ಗಿಯರ್ ಲಿವರಿನ ಪಕ್ಕದಲ್ಲಿರುವ ಇನ್ನೊಂದು ಗಿಡ್ಡ ಲಿವರನ್ನು ಹಿಡಿದೆಳೆಯುತ್ತಾನೆ. ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುತ್ತದೆ. ಜೀಪು ಮುಲುಗುತ್ತ ಏರು ಹತ್ತುತ್ತದೆ. ಕೊಪ್ಪದ ಕಡೆ ಒಮ್ಮೆ ಹೀಗೆ ಹತ್ತಿದ ಜೀಪಿನ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕುಳಿತಿದ್ದ ನನಗೆ ಆ ಗಿಡ್ಡ ಲಿವರಿನ ಮೇಲೆ ಇಂದಿಗೂ ಗೌರವವಿದೆ.

ಆ ಲಿವರನ್ನೂ ಅದರ ಹಿಂದಿರುವ ಗಿಯರು, ಆಕ್ಸೆಲ್‌ಗಳನ್ನೂ ಕೈಯಿಂದ ಹಣ ಕೊಟ್ಟು ಕಿತ್ತು ಹಾಕಿಸುವವರಿದ್ದಾರೆ ಎಂದರೆ ತೋಟದ ಡ್ರೈವರು ನಕ್ಕಾನು. ಆದರೆ ಅಮೆರಿಕದಲ್ಲಿ ಇಂಥವರಿದ್ದಾರೆ. ಐವತ್ತು ಅರವತ್ತು ವರ್ಷ ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಳ್ಳುತ್ತಾರೆ. ಅದು ನಾಲ್ಕೂ ಚಕ್ರಗಳಿಗೆ ಬಲ ಹರಿಯುವ, ಏಣಿ ಹತ್ತಿದಂತೆ ಹತ್ತಬೇಕಾದ ಎತ್ತರದ ಗಾಡಿ. ಅದನ್ನು ಗ್ಯಾರೇಜಿಗೆ ಒಯ್ದು ಹಿಂದಿನ ಎರಡೇ ಚಕ್ರಗಳಿಂದ ಓಡುವಂತೆ ಮಾಡಿಸಿ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ಕೆಳಕ್ಕಿಳಿಸುತ್ತಾರೆ. ಇದು ಹಣವಿದ್ದವರ ಹುಚ್ಚು ಎಂದು ತಳ್ಳಿಹಾಕಬಹುದು. ಆದರೆ ಈ ಹುಚ್ಚಿನ ಹಿಂದೆ ಎರಡು ಇತಿಹಾಸಗಳಿವೆ. ಒಂದು ಕೆಸರಿನದು, ಇನ್ನೊಂದು ನಗರದ ಬೀದಿಯದು.

ಮೊದಲು ಕೆಸರಿನದನ್ನು ನೋಡೋಣ. ಸಾಮಾನ್ಯ ಟ್ರಕ್ಕಿನಲ್ಲಿ ಎಂಜಿನ್ ಮುಂದಿರುತ್ತದೆ, ಅದರ ಬಲ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಆಕ್ಸೆಲ್‌ಗೆ ಹೋಗುತ್ತದೆ. ಮುಂದಿನ ಚಕ್ರಗಳ ಕೆಲಸ ಭಾರ ಹೊರುವುದು, ದಿಕ್ಕು ತಿರುಗಿಸುವುದು ಅಷ್ಟೇ. ಅವುಗಳಿಗೂ ಬಲ ಕೊಡಬೇಕಾದರೆ ಗಿಯರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಬೇಕು. ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವುದು ಅದರ ಕೆಲಸ. ಕಷ್ಟವಿರುವುದು ಮುಂದಿನ ಚಕ್ರಗಳಲ್ಲಿ. ಅವು ಎಡಬಲಕ್ಕೆ ತಿರುಗುತ್ತಲೇ ಬಲವನ್ನೂ ಪಡೆಯಬೇಕು. ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಟ್ಟೊ ಜಾಕೊವ್ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ಯಂತ್ರಕರ್ಮಿಗಳಿಬ್ಬರು ಈ ತೊಡಕನ್ನು ಬಿಡಿಸಿ 1908ರಲ್ಲಿ ಪೇಟೆಂಟ್ ಪಡೆದರು. ಅವರು ಕಟ್ಟಿದ ಕಂಪನಿಯ ಟ್ರಕ್ಕುಗಳು ಮೊದಲನೆಯ ಮಹಾಯುದ್ಧದಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಯೂರೋಪಿನ ಕೆಸರಿಗಿಳಿದವು.

ಆದರೆ ಅಮೆರಿಕದ ರೈತನ ಮನೆ ಬಾಗಿಲಿಗೆ ಈ ಸೌಲಭ್ಯ ಬರಲು ಬಹಳ ವರ್ಷ ಹಿಡಿಯಿತು. ದೊಡ್ಡ ಕಂಪನಿಗಳಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಹಾಗಾಗಿ ಇದು ಗ್ಯಾರೇಜುಗಳ ಉದ್ಯಮವಾಯಿತು. ಇಂಡಿಯಾನಪೊಲಿಸ್‌ನಲ್ಲಿ 1931ರಲ್ಲಿ ಹುಟ್ಟಿದ ಮಾರ್ಮನ್-ಹೆರಿಂಗ್ಟನ್ ಕಂಪನಿ 1935ರಿಂದ ಫೋರ್ಡ್ ಟ್ರಕ್ಕುಗಳನ್ನು ತಂದು ಮುಂದಿನ ಚಕ್ರಗಳಿಗೂ ಬಲ ಜೋಡಿಸಿ ಮಾರತೊಡಗಿತು. ಆಮೇಲೆ ಬಂತು ಎರಡನೆಯ ಮಹಾಯುದ್ಧ. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಾಲ್ಕು ಚಕ್ರಗಳ ಬಲ ಎಂದರೇನೆಂದು ಜಗತ್ತಿಗೆಲ್ಲ ಗೊತ್ತಾಯಿತು.

ಯುದ್ಧ ಮುಗಿಸಿ ಊರಿಗೆ ಬಂದ ಸೈನಿಕರಲ್ಲಿ ಹಲವರು ರೈತರ ಮಕ್ಕಳು. ಅವರು ತಮ್ಮ ಹೊಲಕ್ಕೂ ಅಂಥ ಗಾಡಿ ಕೇಳಿದರು. ಸೈನ್ಯದ ಟ್ರಕ್ಕನ್ನೇ ಸ್ವಲ್ಪ ತಿದ್ದಿದ ಡಾಡ್ಜ್ ಪವರ್ ವ್ಯಾಗನ್ 1946ರಲ್ಲಿ ಮಾರುಕಟ್ಟೆಗೆ ಬಂತು. ಮಿನಿಯಾಪೊಲಿಸ್‌ನ ನ್ಯಾಪ್ಕೊ ಎಂಬ ಕಂಪನಿ ಷೆವರ್ಲೆ ಮತ್ತು ಜಿಎಂಸಿ ಟ್ರಕ್ಕುಗಳಿಗೆ ಮುಂದಿನ ಆಕ್ಸೆಲ್, ಟ್ರಾನ್ಸ್‌ಫರ್ ಕೇಸ್ ಎಲ್ಲವನ್ನೂ ಒಂದು ಕಟ್ಟಾಗಿ ಮಾರಿತು. ಅದರ ಬೆಲೆ ಅಗ್ಗವೇನಲ್ಲ. ಆದರೂ ಗಿರಾಕಿಗಳು ಎಷ್ಟಿದ್ದರೆಂದರೆ, 1957ರಲ್ಲಿ ಷೆವರ್ಲೆ ಕಂಪನಿಯೇ ತನ್ನ ಕಾರ್ಖಾನೆಯಲ್ಲಿ ನ್ಯಾಪ್ಕೊ ಸಾಮಾನು ಜೋಡಿಸಿ ಕೊಡಲು ಶುರುಮಾಡಿತು. 1959ರಲ್ಲಿ ಫೋರ್ಡ್ ತನ್ನದೇ ನಾಲ್ಕು ಚಕ್ರ ಚಾಲನೆಯ ಪಿಕಪ್ ತಂದಿತು. ಮರುವರ್ಷ ಷೆವರ್ಲೆ ತನ್ನ ಟ್ರಕ್ಕುಗಳಿಗೆ ಎರಡು ಅಕ್ಷರಗಳ ಹೆಸರಿಟ್ಟಿತು. ಎರಡು ಚಕ್ರ ಚಾಲನೆಯದು 'ಸಿ', ನಾಲ್ಕು ಚಕ್ರದ್ದು 'ಕೆ'. ನಮ್ಮ ಕಥೆಗೆ ಬೇಕಾದದ್ದು ಈ ಎರಡು ಅಕ್ಷರಗಳೇ.

ಮೇಲಿನಿಂದ ನೋಡಿದರೆ ಸಿ ಮತ್ತು ಕೆ ಒಂದೇ ಗಾಡಿ. ಅದೇ ಕ್ಯಾಬಿನ್, ಅದೇ ಬಾಗಿಲು, ಅದೇ ಬಾನೆಟ್ಟು. ಬಗ್ಗಿ ನೋಡಿದಾಗ ವ್ಯತ್ಯಾಸ ಕಾಣುತ್ತದೆ. ಸಿ ಟ್ರಕ್ಕಿನ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೆ ಕೆಳಗೆ ಆಡುತ್ತವೆ. 1963ರಿಂದ ಅವಕ್ಕೆ ಸುರುಳಿ ಸ್ಪ್ರಿಂಗುಗಳು ಬಂದವು. ಸವಾರಿ ಕಾರಿನಂತೆ ಮೆತ್ತಗೆ. ಕೆ ಟ್ರಕ್ಕಿನಲ್ಲಾದರೋ ಒಂದು ಚಕ್ರದಿಂದ ಇನ್ನೊಂದಕ್ಕೆ ಎಂಜಿನ್ನಿನ ಅಡಿಯಲ್ಲಿ ಅಡ್ಡಲಾಗಿ ದಪ್ಪ ಉಕ್ಕಿನ ಆಕ್ಸೆಲ್ ಹಾದುಹೋಗುತ್ತದೆ. ಅದನ್ನು ಹೊರುವುದು ನಮ್ಮ ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗು. ಹಳ್ಳದಲ್ಲಿ ಚಕ್ರ ಎದ್ದಾಗ ಆ ಆಕ್ಸೆಲ್ ಎಂಜಿನ್ನಿನ ತಳಕ್ಕೆ ಬಡಿಯಬಾರದು. ಅದಕ್ಕಾಗಿ ನಡುವೆ ಸಾಕಷ್ಟು ಜಾಗ ಬಿಡಲೇಬೇಕು. ಕೆ ಟ್ರಕ್ಕಿನ ಎತ್ತರದ ಗುಟ್ಟು ಇದು. ಆ ಎತ್ತರ ಬಂದದ್ದು ಅಂದಕ್ಕಲ್ಲ, ಅಗತ್ಯಕ್ಕೆ. ಅದನ್ನು ಚೆನ್ನಾಗಿ ಕೆಳಗಿಳಿಸಬೇಕೆಂದರೆ ಮುಂದಿನ ಆಕ್ಸೆಲ್ ಹೋಗಲೇಬೇಕು ಎನ್ನುವುದಕ್ಕೂ ಇದೇ ಕಾರಣ.

ಆದರೆ ಕೆಳಗಿಳಿಸುವ ಆಸೆ ಹುಟ್ಟಿದ್ದು ಎಲ್ಲಿ? ಇಲ್ಲಿಂದ ಎರಡನೆಯ ಇತಿಹಾಸ. ಇದರ ತವರು ಕ್ಯಾಲಿಫೋರ್ನಿಯಾ, ಅದರಲ್ಲೂ ಲಾಸ್ ಏಂಜಲೀಸ್‌ನ ಪೂರ್ವಭಾಗದಲ್ಲಿ ನೆಲೆಸಿದ ಮೆಕ್ಸಿಕನ್ ಮೂಲದ ಅಮೆರಿಕನ್ನರ ಕೇರಿಗಳು. ಯುದ್ಧದ ನಂತರ ಅಲ್ಲಿನ ಯುವಕರ ಕೈಗೆ ಒಂದಿಷ್ಟು ಕಾಸು ಬಂತು, ಹಳೆಯ ಷೆವರ್ಲೆಗಳು ಅಗ್ಗಕ್ಕೆ ಸಿಕ್ಕಿದವು. ಬಿಳಿಯ ಹುಡುಗರು ಕಾರನ್ನು ವೇಗಕ್ಕಾಗಿ ತಿದ್ದುತ್ತಿದ್ದ ಕಾಲ ಅದು. ಈ ಯುವಕರು ತದ್ವಿರುದ್ಧ ದಾರಿ ಹಿಡಿದರು. ಡಿಕ್ಕಿಯಲ್ಲಿ ಮರಳು, ಸಿಮೆಂಟಿನ ಚೀಲ ಹೇರಿ, ಸ್ಪ್ರಿಂಗುಗಳ ಸುತ್ತುಗಳನ್ನು ಕತ್ತರಿಸಿ, ಗಾಡಿಯನ್ನು ನೆಲಮಟ್ಟಕ್ಕೆ ತಂದರು. ವಿಟ್ಟಿಯರ್ ಬುಲವಾರ್ಡ್ ಎಂಬ ರಸ್ತೆಯಲ್ಲಿ ಸಂಜೆ ಹೊತ್ತು ಮೆರವಣಿಗೆಯಂತೆ ನಿಧಾನವಾಗಿ ಸಾಗಿದರು. ಕೆಳಗೆ ಮತ್ತು ನಿಧಾನಕ್ಕೆ ಎನ್ನುವುದೇ ಅವರ ಮಂತ್ರ. ನಮ್ಮಲ್ಲಿ ತೇರು ಎಳೆಯುವಾಗ ಯಾರೂ ಗಡಿಬಿಡಿ ಮಾಡುವುದಿಲ್ಲವಲ್ಲ, ಹಾಗೆ. ನೋಡುವವರಿಗೆ ನೋಡಲು ಸಮಯ ಬೇಕು. ಇಂಥ ಗಾಡಿಗಳಿಗೆ ಲೋರೈಡರ್ ಎಂಬ ಹೆಸರು ಬಿತ್ತು. 1930ರಿಂದ 50ರ ದಶಕದ ಆರಂಭದವರೆಗಿನ ದುಂಡು ಮೈಯ ಕಾರು, ಟ್ರಕ್ಕುಗಳನ್ನು ಇವರು ಪ್ರೀತಿಯಿಂದ 'ಬೊಂಬಾ' ಎಂದು ಕರೆದರು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಬಂತು. ತಿದ್ದಿದ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗಿರಬಾರದು ಎಂಬುದು ಅದರ ತಿರುಳು. ಸುರಕ್ಷತೆಯ ದೃಷ್ಟಿಯಿಂದ ಇದರಲ್ಲಿ ಅರ್ಥವಿತ್ತು. ಟೈರು ಒಡೆದರೆ ಗಾಡಿಯ ಹೊಟ್ಟೆ ರಸ್ತೆಗೆ ಉಜ್ಜಬಾರದಲ್ಲ. ಆದರೆ ಅದು ಹೆಚ್ಚಾಗಿ ತಾಗಿದ್ದು ಒಂದು ಸಮುದಾಯದ ಹುಡುಗರಿಗೆ. ಪೊಲೀಸರಿಗೆ ಅವರನ್ನು ನಿಲ್ಲಿಸಲು ಒಂದು ನೆಪ ಸಿಕ್ಕಿತು.

ಉತ್ತರ ಮರುವರ್ಷವೇ ಬಂತು, ಅದೂ ಗ್ಯಾರೇಜಿನಿಂದಲೇ. ರಾನ್ ಅಗೀರೆ ಎಂಬ ಯುವಕ 1959ರಲ್ಲಿ ತನ್ನ ಕಾರ್ವೆಟ್ ಕಾರಿಗೆ ಗುಜರಿಗೆ ಬಂದ ವಿಮಾನಗಳ ಹೈಡ್ರಾಲಿಕ್ ಪಂಪು ಜೋಡಿಸಿದ. ಗುಂಡಿ ಒತ್ತಿದರೆ ಕಾರು ಮೇಲೇಳುತ್ತಿತ್ತು, ಮತ್ತೆ ಒತ್ತಿದರೆ ಕೆಳಗಿಳಿಯುತ್ತಿತ್ತು. ಪೊಲೀಸರು ಕಂಡಾಗ ಕಾನೂನಿನ ಎತ್ತರ, ಅವರು ಮರೆಯಾದಾಗ ಮನಸ್ಸಿನ ಎತ್ತರ! ಯುದ್ಧವಿಮಾನದ ಸಾಮಾನಿಗೆ ಇಂಥ ಪುನರ್ಜನ್ಮ ಸಿಕ್ಕೀತೆಂದು ಅದನ್ನು ತಯಾರಿಸಿದವರು ಎಣಿಸಿರಲಿಕ್ಕಿಲ್ಲ.

ಜಟಾಪಟಿ ದಶಕಗಳ ಕಾಲ ನಡೆಯಿತು. 1980ರ ದಶಕದ ಕೊನೆಯಲ್ಲಿ ಹೀಗೆ ನಿಧಾನವಾಗಿ ಸುತ್ತುವುದನ್ನೇ ನಿಷೇಧಿಸುವ ಅಧಿಕಾರ ಅಲ್ಲಿನ ನಗರಗಳಿಗೆ ದೊರೆಯಿತು. ಇದರ ನಡುವೆಯೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ನ್ಯೂ ಮೆಕ್ಸಿಕೋದ ಚಿಮಾಯೋ ಊರಿನ ಲೋರೈಡರ್ ಕಾರೊಂದನ್ನು ರಾಷ್ಟ್ರೀಯ ಇತಿಹಾಸದ ಭಾಗವೆಂದು ತಂದಿಟ್ಟುಕೊಂಡಿತು. ಒಂದೆಡೆ ದಂಡ, ಇನ್ನೊಂದೆಡೆ ವಸ್ತುಸಂಗ್ರಹಾಲಯದ ಮನ್ನಣೆ. ಕೊನೆಗೆ 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲರು ಹೊಸ ಮಸೂದೆಗೆ ಸಹಿ ಹಾಕಿದರು. 2024ರ ಜನವರಿ 1ರಿಂದ ಸುತ್ತಾಟದ ನಿಷೇಧವೂ ಹೋಯಿತು, 1958ರ ಎತ್ತರದ ನಿರ್ಬಂಧವೂ ಹೋಯಿತು.

ಈ ಬೀದಿಯ ರುಚಿ ಕ್ರಮೇಣ ಆ ಸಮುದಾಯದ ಗಡಿ ದಾಟಿ ಪಿಕಪ್ ಮೋಹಿಗಳಿಗೆಲ್ಲ ಹಬ್ಬಿತು. 1970-80ರ ದಶಕಗಳಲ್ಲಿ ಜಪಾನಿನ ಸಣ್ಣ ಪಿಕಪ್‌ಗಳನ್ನು ಕೆಳಗಿಳಿಸುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಗೀಳಾಯಿತು. ತಮಾಷೆಯೆಂದರೆ, ಅದೇ ಕಾಲದಲ್ಲಿ ಇನ್ನೊಂದು ಪಂಗಡ ನಾಲ್ಕು ಚಕ್ರ ಚಾಲನೆಯ ಟ್ರಕ್ಕುಗಳನ್ನು ಆಕಾಶಕ್ಕೇರಿಸುತ್ತಿತ್ತು. ಸೇಂಟ್ ಲೂಯಿಸ್‌ನ ಬಾಬ್ ಚಾಂಡ್ಲರ್ ತನ್ನ 1974ರ ಫೋರ್ಡನ್ನು ಎತ್ತರಿಸುತ್ತ ಹೋಗಿ, 1981ರಲ್ಲಿ ಅದನ್ನು ಹಳೆಯ ಕಾರುಗಳ ಮೇಲೆ ಹತ್ತಿಸಿ ಅಪ್ಪಚ್ಚಿ ಮಾಡಿದ. ದೈತ್ಯ ಟ್ರಕ್ಕುಗಳ ಪ್ರದರ್ಶನ ಶುರುವಾದದ್ದು ಅಲ್ಲಿಂದ.

ಹಳೆಯ ಷೆವರ್ಲೆ ಟ್ರಕ್ಕುಗಳಲ್ಲಿ 1967ರಿಂದ 72ರವರೆಗಿನ ಮಾದರಿಗೆ ಬೇಡಿಕೆ ಹೆಚ್ಚು. ಅದನ್ನು ಕೆಳಗಿಳಿಸಿ ಓಡಿಸಬಯಸುವವನಿಗೆ ಸಿ ಟ್ರಕ್ಕೇ ಸಿಕ್ಕರೆ ಕೆಲಸ ಸಲೀಸು. ಆದರೆ ಕೆಲವೊಮ್ಮೆ ಸಿಗುವುದು ಅಜ್ಜನ ಹೊಲದಲ್ಲಿ ದುಡಿದ ಕೆ ಟ್ರಕ್ಕು. ಒಣಹವೆಯ ಸೀಮೆಯಲ್ಲಿದ್ದ ಕಾರಣ ತುಕ್ಕು ಹಿಡಿದಿರುವುದಿಲ್ಲ, ಮೈ ಗಟ್ಟಿಯಾಗಿರುತ್ತದೆ. ಆಗ ಶುರುವಾಗುತ್ತದೆ ಮಾರ್ಪಾಟು.

ಗುಜರಿಯಿಂದ ಸಿ ಟ್ರಕ್ಕಿನ ಮುಂಭಾಗದ ಅಡ್ಡತೊಲೆಯನ್ನು ತರುತ್ತಾರೆ. ಸ್ಪ್ರಿಂಗು, ತೋಳು, ಬ್ರೇಕು ಎಲ್ಲ ಅದಕ್ಕೇ ಅಂಟಿಕೊಂಡು ಒಂದೇ ಘಟಕವಾಗಿ ಬರುತ್ತವೆ. 1971ರಿಂದೀಚೆಗಿನದಾದರೆ ಡಿಸ್ಕ್ ಬ್ರೇಕೂ ಸಿಗುತ್ತದೆ. ಕೆ ಟ್ರಕ್ಕಿನ ಷಾಸಿಗೆ ರಿವೆಟ್ ಹೊಡೆದು ಕೂರಿಸಿದ ಸ್ಪ್ರಿಂಗಿನ ಕೊಂಡಿಗಳನ್ನು ಕೊರೆದು ತೆಗೆದು, ಅಳತೆ ನೋಡಿ ಹೊಸ ರಂಧ್ರ ಕೊರೆದು ಅಡ್ಡತೊಲೆ ಕೂರಿಸಬೇಕು. ಇಲ್ಲಿ ಅಳತೆ ತಪ್ಪಿದರೆ ಗಾಡಿ ಬದುಕಿಡೀ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಒಂದೇ ಕಡೆ ಸವೆಯುತ್ತದೆ. ಸ್ಟೀರಿಂಗಿನ ಜೋಡಣೆಯೂ ಬದಲಾಗಬೇಕು. ಈ ತಲೆನೋವೇ ಬೇಡವೆಂದು ಸಿ ಟ್ರಕ್ಕಿನ ಇಡೀ ಷಾಸಿಯನ್ನೇ ತಂದು ಕೆ ಟ್ರಕ್ಕಿನ ಮೈಯನ್ನು ಅದರ ಮೇಲೆ ಇಡುವವರೂ ಇದ್ದಾರೆ. ನನಗೆ ಕೇಳಿದರೆ ಅದೇ ಲೇಸು.

ಟ್ರಾನ್ಸ್‌ಫರ್ ಕೇಸ್ ಹೊರಬಂದ ಮೇಲೆ ಗಿಯರ್ ಬಾಕ್ಸಿನ ಬಾಲ ಬದಲಾಗಬೇಕು, ಪ್ರೊಪೆಲ್ಲರ್ ಶಾಫ್ಟು ಆ ಖಾಲಿ ಜಾಗ ತುಂಬುವಷ್ಟು ಉದ್ದವಾಗಬೇಕು. ಆಮೇಲೆ ಇಳಿಸುವ ಕೆಲಸ. ಮುಂದೆ ಗಿಡ್ಡ ಸ್ಪ್ರಿಂಗು ಹಾಕುತ್ತಾರೆ. ಹಿಂದೆ ಪಟ್ಟಿ ಸ್ಪ್ರಿಂಗಿನ ಅಡಿಯಲ್ಲಿದ್ದ ಆಕ್ಸೆಲನ್ನು ಅದರ ಮೇಲಕ್ಕೆ ತರುತ್ತಾರೆ. ಇಷ್ಟರಿಂದಲೇ ಗಾಡಿ ಹಲವು ಇಂಚು ಇಳಿಯುತ್ತದೆ. ಆದರೆ ಈಗ ಆಕ್ಸೆಲ್ ಮೇಲೆದ್ದರೆ ಷಾಸಿಗೇ ಬಡಿಯುತ್ತದೆ. ಅದಕ್ಕಾಗಿ ಷಾಸಿಯ ಉಕ್ಕನ್ನು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ, ಸುತ್ತ ದಪ್ಪ ತಗಡು ಕೂರಿಸಿ ಬಲಪಡಿಸುತ್ತಾರೆ. ಬಲಪಡಿಸದೆ ಕತ್ತರಿಸಿದರೆ ಭಾರ ಹೇರಿದ ದಿನ ಷಾಸಿ ಬಾಗುತ್ತದೆ. ಬಾಗದಿದ್ದರೂ, ಇಷ್ಟೆಲ್ಲ ಆದ ಮೇಲೆ ಆ ಟ್ರಕ್ಕಿನಿಂದ ಹುಲ್ಲು ಗೊಬ್ಬರ ಹೊರುವ ಕೆಲಸ ನಿರೀಕ್ಷಿಸುವಂತಿಲ್ಲ.

ಹಳೆಯ ಗಾಡಿಗಳ ಅಭಿಮಾನಿಗಳಲ್ಲಿ ಜಗಳವಿರುವುದು ಇಲ್ಲಿಯೇ. ಸಿ ಟ್ರಕ್ಕುಗಳಿಗೆ ಹೋಲಿಸಿದರೆ ಕಾರ್ಖಾನೆಯಿಂದ ಹೊರಬಂದ ಕೆ ಟ್ರಕ್ಕುಗಳು ಬಹಳ ಕಡಿಮೆ. ಅವುಗಳಲ್ಲಿ ಹೆಚ್ಚಿನವು ದುಡಿದು ದುಡಿದು ಸತ್ತವು. ಉಳಿದಿರುವವಕ್ಕೆ ಈಗ ಬೆಲೆ ಏರಿದೆ. ಅಂಥದ್ದನ್ನು ಕತ್ತರಿಸುವುದು ಹಳೆಯ ತೊಟ್ಟಿ ಮನೆಯ ಕಂಬ ಕಿತ್ತು ಗ್ರಾನೈಟ್ ಹಾಕಿಸಿದಂತೆ ಎನ್ನುತ್ತದೆ ಒಂದು ಪಕ್ಷ. ಟ್ರಕ್ಕು ಹುಟ್ಟಿದ್ದೇ ತಿದ್ದಿಸಿಕೊಳ್ಳಲು, ನ್ಯಾಪ್ಕೊ ಜೋಡಿಸಿದ್ದೂ ಅದೇ ಗ್ಯಾರೇಜಿನಲ್ಲಿ, ನಾವು ಕಳಚುವುದೂ ಅಲ್ಲೇ ಎನ್ನುತ್ತದೆ ಇನ್ನೊಂದು. ಎರಡನೆಯ ವಾದದಲ್ಲಿ ಹುರುಳಿದೆ. ಆದರೆ ನ್ಯಾಪ್ಕೊ ಜೋಡಣೆಯನ್ನು ಬಿಚ್ಚಿ ಮತ್ತೆ ಮೊದಲಿನಂತೆ ಮಾಡಬಹುದಿತ್ತು. ಕತ್ತರಿಸಿದ ಷಾಸಿ ಮತ್ತೆ ಮೊದಲಿನಂತಾಗುವುದಿಲ್ಲ. ಕಳಚಿದ ಆಕ್ಸೆಲನ್ನು ಟಾರ್ಪಾಲು ಮುಚ್ಚಿ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟವನ ಬಗ್ಗೆ ನನಗೆ ಹೆಚ್ಚು ಸಹಾನುಭೂತಿ.

ನಮ್ಮಲ್ಲೂ ನಾಲ್ಕು ಚಕ್ರದ ಜೀಪು ಎರಡು ಚಕ್ರಕ್ಕಿಳಿದ ಕಥೆಯಿದೆ. ಆದರೆ ಅದಕ್ಕೆ ಕಾರಣ ಶೋಕಿಯಲ್ಲ, ಜೇಬು. 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದ ಮಹೀಂದ್ರಾ ಕಂಪನಿ ಮುಂದೆ ಕಮಾಂಡರ್, ಮಾರ್ಷಲ್‌ಗಳನ್ನು ಎರಡು ಚಕ್ರ ಚಾಲನೆಯಲ್ಲೂ ಮಾರಿತು. ಡಾಂಬರು ರಸ್ತೆಯಲ್ಲಿ ಜನರನ್ನು ತುಂಬಿ ಓಡಿಸುವವನಿಗೆ ಮುಂದಿನ ಆಕ್ಸೆಲ್ ಬರೀ ಖರ್ಚು, ಬರೀ ಭಾರ. ಇನ್ನು ಗ್ಯಾರೇಜಿನಲ್ಲಿ ಮನಬಂದಂತೆ ಮಾರ್ಪಡಿಸುವ ಮಾತಿಗೆ ನಮ್ಮಲ್ಲಿ ಹೆಚ್ಚು ಆಸ್ಪದವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದ ವಿವರ ಮತ್ತು ತಯಾರಕರು ಮೂಲದಲ್ಲಿ ಕೊಟ್ಟ ಸ್ವರೂಪ ಒಂದಕ್ಕೊಂದು ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು.

ಅಮೆರಿಕದ ಟ್ರಕ್ಕಿಗೂ ತನ್ನ ಹುಟ್ಟಿನ ದಾಖಲೆಯಿಂದ ಪೂರ್ತಿ ಬಿಡುಗಡೆಯಿಲ್ಲ. ಆ ಕಾಲದ ಷೆವರ್ಲೆಯ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಸಣ್ಣ ಲೋಹದ ಫಲಕವೊಂದು ಕಾಣುತ್ತದೆ. ಅದರ ಮೇಲೆ ಗಾಡಿಯ ಸಂಖ್ಯೆ ಒತ್ತಿರುತ್ತಾರೆ. ಆಕ್ಸೆಲ್ ಹೋಗಿ, ಲಿವರ್ ಹೋಗಿ, ಹೊಟ್ಟೆ ನೆಲಕ್ಕೆ ತಾಗುವಂತಿದ್ದರೂ ಆ ಸಂಖ್ಯೆಯಲ್ಲಿ 'ಕೆ' ಎಂಬ ಅಕ್ಷರ ಹಾಗೆಯೇ ಇರುತ್ತದೆ.