ಯಂತ್ರಕ್ಕೆ ಕನ್ನಡ ಬಂದ ಬಗೆ

‘ಗ್ರಾಹಕ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಣ ಕೊಟ್ಟು ವಸ್ತುವನ್ನು ತೆಗೆದುಕೊಳ್ಳುವವನು ಎಂಬುದು ಒಂದು. ಗ್ರಹಿಸುವವನು, ಎಂದರೆ ತಿಳಿದುಕೊಳ್ಳುವವನು, ಎಂಬುದು ಇನ್ನೊಂದು. ಧಾತು ಒಂದೇ. ರೇಡಿಯೋ ಪೆಟ್ಟಿಗೆಯನ್ನು ‘ಗ್ರಾಹಕಯಂತ್ರ’ ಎಂದು ಬರೆಯುವುದೂ ಉಂಟು. ಇಂದು ಅಕ್ಕಿಯಿಂದ ಔಷಧದವರೆಗೆ, ಪಹಣಿಯಿಂದ ರೈಲು ಟಿಕೆಟ್ಟಿನವರೆಗೆ ಎಲ್ಲವೂ ಅಂಗೈಯ ಫೋನಿನಲ್ಲಿ ದೊರೆಯುತ್ತಿರುವುದರಿಂದ, ಮೊದಲನೆಯ ಅರ್ಥದಲ್ಲಿ ನಾವೆಲ್ಲರೂ ಗ್ರಾಹಕರಾಗಿದ್ದೇವೆ. ಎರಡನೆಯ ಅರ್ಥದಲ್ಲಿ ಆಗಿದ್ದೇವೆಯೆ? ವಾಚಕರೇ, ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯೇ ಇದೆ. ಅದು ಯಂತ್ರದೊಳಕ್ಕೆ ಕನ್ನಡ ಹೊಕ್ಕ ಚರಿತ್ರೆ.

ನಮ್ಮ ಮನೆಗಳಿಗೆ ಬಂದ ಯಂತ್ರಗಳಲ್ಲಿ ಕನ್ನಡವನ್ನು ತನ್ನೊಡನೆಯೇ ತಂದದ್ದು ರೇಡಿಯೋ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಒಂದು ಸಣ್ಣ ಪ್ರೇಷಕವನ್ನಿಟ್ಟುಕೊಂಡು ಪ್ರಸಾರ ಆರಂಭಿಸಿದರು. ಹಳೆಯ ಕಾಲದ ಒಂದು ದೀಪದ ಬುರುಡೆಗೆ ಬೇಕಾಗುವಷ್ಟು ಶಕ್ತಿಯಲ್ಲಿ ಅವರು ಒಂದು ಊರಿಗೆ ಸಂಗೀತ ಕೇಳಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಲ್ಲುವಂತೆ ಮಾಡಿದ ಕೀರ್ತಿ ನಾ. ಕಸ್ತೂರಿಯವರದೆಂಬುದು ಪ್ರಸಿದ್ಧವಾಗಿದೆ. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನೇ ತನ್ನದಾಗಿ ಮಾಡಿಕೊಂಡಿತು. ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. 1965ರಲ್ಲಿ ಭದ್ರಾವತಿಗೆ ಒಂದು ನಿಲಯ ಬಂದಮೇಲೆ ನಮ್ಮ ಮಲೆನಾಡಿನ ಮನೆಗಳಿಗೂ ಕನ್ನಡದ ದನಿ ಹತ್ತಿರವಾಯಿತು.

ನಾನು ಹುಡುಗನಾಗಿದ್ದಾಗ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಬೇಕಾಗಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕು. 1980ರ ದಶಕದಲ್ಲಿ ಈ ಪದ್ಧತಿ ರದ್ದಾಯಿತು. ಪೆಟ್ಟಿಗೆಯ ಮುಖದ ಮೇಲೆ ಊರುಗಳ ಹೆಸರುಗಳು ಇಂಗ್ಲಿಷಿನಲ್ಲಿದ್ದರೂ ಅಕ್ಷರ ಬಾರದ ಅಜ್ಜಿ ಕೂಡ ಮುಳ್ಳು ಎಲ್ಲಿ ನಿಂತರೆ ಭದ್ರಾವತಿ ಎಂದು ಬಲ್ಲಳು. ಏಕೆಂದರೆ ಯಂತ್ರ ಪರದೇಶದ್ದಾದರೂ ಅದರೊಳಗೆ ಮಾತನಾಡುವವರು ನಮ್ಮವರು. ಇಷ್ಟವಾಗದಿದ್ದರೆ ನಿಲಯಕ್ಕೆ ಒಂದು ಕಾರ್ಡು ಬರೆಯಬಹುದಾಗಿತ್ತು. ಪತ್ರೋತ್ತರದ ಕಾರ್ಯಕ್ರಮದಲ್ಲಿ ಉತ್ತರವೂ ಬರುತ್ತಿತ್ತು.

ಗಣಕಯಂತ್ರದ ಮಾತು ಹಾಗಲ್ಲ. ಅದರೊಳಗೆ ಮಾತನಾಡುವವರು ಯಾರೂ ಇಲ್ಲ. ಅದಕ್ಕೆ ಅಕ್ಷರವನ್ನು ಕಲಿಸಬೇಕು. ಕಲಿಸುವುದು ಸುಲಭವೂ ಅಲ್ಲ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 34 ವ್ಯಂಜನಗಳು, ಒಂದೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಬೆರಳಚ್ಚು ಯಂತ್ರದ ಕಾಲದಲ್ಲಿ ಕೆ. ಅನಂತಸುಬ್ಬರಾಯರು ಅಕ್ಷರಗಳನ್ನು ತುಂಡುತುಂಡಾಗಿ ಬಿಡಿಸಿ, ತಲೆಕಟ್ಟು, ಕೊಂಬು, ಇಳಿ, ದೀರ್ಘಗಳನ್ನು ಒಂದೊಂದು ಕೀಲಿಗೆ ಹಂಚಿ ಕೆಲಸ ಸಾಗಿಸಿದರು. ಅದು ಕಣ್ಣಿಗೆ ಕಾಣುವ ಆಕಾರವನ್ನು ಹಿಡಿದ ದಾರಿ.

ಕೆ. ಪಿ. ರಾಯರು ಹಿಡಿದದ್ದು ಬೇರೆ ದಾರಿ, ಮತ್ತು ವ್ಯಾಕರಣ ಓದಿದ ನನ್ನಂಥವನಿಗೆ ಅದರಷ್ಟು ಸಂತೋಷ ಕೊಟ್ಟ ಸಂಗತಿ ಈ ಚರಿತ್ರೆಯಲ್ಲಿ ಮತ್ತೊಂದಿಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಅವರು, ಕಾಗುಣಿತವು ಆಕಾರಗಳ ರಾಶಿಯಲ್ಲ, ಒಂದು ಲೆಕ್ಕ ಎಂದು ಕಂಡರು. ಬರೆಯುವವನು ವ್ಯಂಜನವನ್ನೊತ್ತಿ ಸ್ವರವನ್ನೊತ್ತಿದರೆ ಸಾಕು. ಕೂಡಿಸಿ ಆಕಾರ ಕೊಡುವ ಹೊಣೆ ಯಂತ್ರದ್ದು. ಒತ್ತಕ್ಷರ ಬೇಕಾದಾಗ ನಡುವೆ ಒಂದು ಕೊಂಡಿಯ ಕೀಲಿ. ಹೀಗೆ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡವೆಲ್ಲ ಅಡಗಿತು. ಎರಡನೆಯ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುವ ‘ಕ್ ಕೂಡಿಸು ಅ ಎಂದರೆ ಕ’ ಎಂಬ ಪಾಠವನ್ನೇ ಅವರು ಯಂತ್ರಕ್ಕೆ ಹೇಳಿಕೊಟ್ಟರೆನ್ನಬಹುದು. ತಮ್ಮ ತಂತ್ರಾಂಶಕ್ಕೆ ಮಹಾಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು, ಅದನ್ನು ಬಿಟ್ಟಿಯಾಗಿ ಹಂಚಿದರು. ಮುಂದೆ ಸರಕಾರ ಒಪ್ಪಿಕೊಂಡ ಕೀಲಿಮಣೆಯ ವಿನ್ಯಾಸಕ್ಕೆ ಇದೇ ಮೂಲವಾಯಿತು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳನ್ನು ಸೇರಿತು. ಆದರೆ ಒಂದರಲ್ಲಿ ಬರೆದ ಕಾಗದ ಇನ್ನೊಂದರಲ್ಲಿ ತೆರೆದರೆ ಗೀಚುಗಳ ಗೊಂಚಲು! ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಷ್ಟು ಹಿಂದೆಯೇ ಮನೆ ದೊರೆತಿದ್ದರೂ ನಾವು ಅಲ್ಲಿಗೆ ಒಕ್ಕಲು ಹೋಗಲು ಬಹುಕಾಲ ಹಿಡಿಯಿತು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಎಡೆಬಿಡದೆ ದನಿಯೆತ್ತಿದರು. ಕಾಫಿ ತೋಟದ ನಡುವೆ ಕುಳಿತ ಒಬ್ಬ ಸಾಹಿತಿಗೆ ಕಂಡದ್ದು ರಾಜಧಾನಿಯ ಅನೇಕರಿಗೆ ಕಂಡಿರಲಿಲ್ಲ.

ಇಷ್ಟಾದರೂ ಇದೆಲ್ಲ ಬರೆಯುವವರ ಚರಿತ್ರೆ. ಸಾಮಾನ್ಯ ಒಕ್ಕಲಿಗನ ಕೈಗೆ ಯಂತ್ರದ ಕನ್ನಡ ದೊರೆತದ್ದು ‘ಭೂಮಿ’ ಯೋಜನೆಯಿಂದ. ಹಿಂದೆ ಪಹಣಿ ಶಾನುಭೋಗರ ಕೈಬರಹದಲ್ಲಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರೂ ಪುಸ್ತಕ ಒಬ್ಬರ ಬಗಲಲ್ಲಿಯೇ ಉಳಿಯಿತು. ಒಂದು ನಕಲಿಗಾಗಿ ರೈತ ಎಷ್ಟು ಬಾರಿ ಅಲೆದ, ಏನೇನು ಕೊಟ್ಟ ಎಂಬುದನ್ನು ನಿಮ್ಮ ಮನೆಯ ಹಿರಿಯರೇ ಹೇಳಿಯಾರು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪ್ರಯೋಗ ನಡೆಯಿತು. 2002ರ ವೇಳೆಗೆ ರಾಜ್ಯದ ತಾಲ್ಲೂಕುಗಳಲ್ಲೆಲ್ಲ ಕಿಟಕಿಗಳು ತೆರೆದಿದ್ದವು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳು ಯಂತ್ರಕ್ಕೇರಿದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಕನ್ನಡ ಪಹಣಿ ಕೈಗೆ ಬರುತ್ತಿತ್ತು.

ಆ ಕಿಟಕಿಯಲ್ಲಿ ಒಂದು ಏರ್ಪಾಡಿತ್ತು. ಗುಮಾಸ್ತನ ಎದುರಿಗೆ ಒಂದು ತೆರೆಯಾದರೆ, ಎರಡನೆಯದೊಂದು ತೆರೆ ಹೊರಗೆ ನಿಂತ ರೈತನ ಕಡೆಗೆ ತಿರುಗಿರುತ್ತಿತ್ತು. ಒಳಗೆ ಏನು ಒತ್ತುತ್ತಾರೋ ಅದು ಹೊರಗಿನವನಿಗೂ ಕಾಣಬೇಕು, ಅವನ ಅಕ್ಷರದಲ್ಲಿಯೇ ಕಾಣಬೇಕು. ತನ್ನ ತಂದೆಯ ಹೆಸರು ತಪ್ಪಾಗಿದ್ದರೆ ಅಲ್ಲಿಯೇ ‘ಸ್ವಾಮಿ, ಅದು ಹಾಗಲ್ಲ’ ಎನ್ನಬಹುದು. ಯೋಜನೆಯ ಗುಣದೋಷಗಳನ್ನು ಕುರಿತು ವಿದ್ವಾಂಸರು ಬಹಳ ಬರೆದಿದ್ದಾರೆ. ಹಳೆಯ ಪುಸ್ತಕದ ತಪ್ಪುಗಳು ಹಾಗೆಯೇ ಯಂತ್ರಕ್ಕೆ ಹೋದದ್ದೂ ಉಂಟು. ಇರಲಿ. ನನ್ನ ಮಟ್ಟಿಗೆ ಆ ಎರಡನೆಯ ತೆರೆಯೇ ಇಡೀ ಯೋಜನೆಯ ತಿರುಳು. ಕೊಳ್ಳುವವನು ಗ್ರಹಿಸಬೇಕು ಎಂಬುದನ್ನು ಅದನ್ನು ಮಾಡಿದವರು ಮರೆಯಲಿಲ್ಲ.

(ಪಹಣಿ, ಖಾತೆ, ಜಮಾಬಂದಿ, ಇವು ಯಾವುವೂ ಅಚ್ಚಗನ್ನಡವಲ್ಲ, ಮರಾಠಿ ಪಾರಸಿಗಳ ದಾರಿಯಲ್ಲಿ ಬಂದು ನಮ್ಮವಾದವು. ಆದಕಾರಣ ‘ಓಟಿಪಿ’ ಎಂಬ ಮಾತಿನೊಡನೆ ನನಗೆ ಜಗಳವಿಲ್ಲ. ಅದರ ಹಿಂದುಮುಂದಿನ ವಾಕ್ಯ ಕನ್ನಡದಲ್ಲಿರಬೇಕೆಂಬುದಷ್ಟೇ ನನ್ನ ಹಟ.)

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಪ್ರಾಧ್ಯಾಪಕರೂ ಒಂದು ಖಾಸಗಿ ಸಂಸ್ಥೆಯ ತಂತ್ರಜ್ಞರೂ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು 2001ರಲ್ಲಿ ಜನರ ಮುಂದಿಟ್ಟರು. ಅದು ಕನ್ನಡದಲ್ಲಿ ಓದಿ ಹೇಳಬಲ್ಲುದಾಗಿತ್ತು. ಊರಿಗೊಂದೇ ಇದ್ದರೂ ಒಬ್ಬೊಬ್ಬರು ತಮ್ಮ ತಮ್ಮ ಕಾರ್ಡು ಸಿಕ್ಕಿಸಿ ಬಳಸಬಹುದಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು. ಬೆಲೆ 10,000 ರೂಪಾಯಿಯ ಆಸುಪಾಸು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಬಂದು ಸಂತೆಯನ್ನೇ ಗೆದ್ದುಕೊಂಡಿತು. ಕನ್ನಡ ಬಲ್ಲ ಯಂತ್ರ ಮೂಲೆ ಸೇರಿತು. ಕನ್ನಡ ಅರಿಯದ ಯಂತ್ರ ಮನೆಮನೆಗೂ ಬಂದಿತು.

ಬಂದದ್ದರಿಂದ ಒಂದು ವಿಚಿತ್ರ ಬರಹವೂ ಹುಟ್ಟಿತು. ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದರು. ಬಿ, ಎ, ಎಲ್, ಇ ಎಂಬ ನಾಲ್ಕಕ್ಷರ ಬರೆದು ‘ತನ್ನಿ’ ಎಂದರೆ ಏನನ್ನು ತರಬೇಕು? ಬಳೆಯೇ, ಬಲೆಯೇ, ಬಾಳೆಯೇ? ‘ಬಾಲೆ’ ಎಂದು ಓದಿಕೊಂಡರಂತೂ ಅನರ್ಥವೇ ಆದೀತು. ಲಕಾರ ಳಕಾರಗಳ ಭೇದ, ಹ್ರಸ್ವ ದೀರ್ಘಗಳ ಭೇದ ಒಂದು ತಲೆಮಾರಿನ ಬೆರಳುಗಳಿಂದ ಜಾರಿಹೋದದ್ದನ್ನು ನಾನು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೇ ಕಂಡಿದ್ದೇನೆ.

ಅದಾದರೂ ನಗುವ ವಿಷಯ. ನಗಲಾರದ್ದೂ ಒಂದುಂಟು. ಕೆಲವು ವರ್ಷಗಳ ಹಿಂದೆ ಶೃಂಗೇರಿ ತಾಲ್ಲೂಕಿನ ನಮ್ಮ ಅಡ್ಡಗದ್ದೆಯ ಕಡೆಯ ಹಿರಿಯರೊಬ್ಬರಿಗೆ ಫೋನಿನಲ್ಲಿ ಇಂಗ್ಲಿಷಿನ ಒಂದು ಸಂದೇಶ ಬಂದಿತು: ವಿದ್ಯುತ್ ಬಿಲ್ಲು ಬಾಕಿ ಇದೆ, ಈ ರಾತ್ರಿ ಕರೆಂಟು ತೆಗೆಯುತ್ತೇವೆ, ಈ ಸಂಖ್ಯೆಗೆ ಕರೆಮಾಡಿ. ಮಳೆಗಾಲದಲ್ಲಿ ಯಾರೂ ತೆಗೆಯದೆ ತಾನೇ ಹೋಗುವ ಕರೆಂಟು ನಮ್ಮದು! ಅವರು ಹೆದರಿ ಕರೆಮಾಡಿದರು. ಅತ್ತಣಿಂದ ಹೇಳಿದಂತೆ ಒತ್ತಿದರು. ಅಡಕೆ ಮಾರಿ ಬ್ಯಾಂಕಿನಲ್ಲಿಟ್ಟಿದ್ದ ಹಣದಲ್ಲಿ ಒಂದು ದೊಡ್ಡ ಪಾಲು ಹೋಯಿತು. ಸಂದೇಶವನ್ನು ನನಗೆ ತೋರಿಸಿ ಅವರು ಹೇಳಿದ ಮಾತು ಇದು: “ಮೇಷ್ಟ್ರೇ, ಇಂಗ್ಲಿಷಲ್ಲಿ ಬಂದಿತ್ತು, ಹಾಗಾಗಿ ಸರ್ಕಾರದ್ದೇ ಇರಬೇಕು ಅಂದ್ಕೊಂಡೆ.”

ಕನ್ನಡದಲ್ಲಿ ಬರೆದು ಮೋಸ ಮಾಡುವವರಿಲ್ಲವೆ? ಇದ್ದಾರೆ. ಆದರೆ ತಿಳಿಯುವ ಭಾಷೆಯ ಸುಳ್ಳಿನಲ್ಲಿ ಅಪಸ್ವರ ಕೇಳಿಸುತ್ತದೆ. ತಿಳಿಯದ ಭಾಷೆಯ ಸುಳ್ಳು ಆಜ್ಞೆಯಂತೆ ತೋರುತ್ತದೆ. ಆ ಮನೆಯವರು ಎಚ್ಚೆತ್ತು 1930 ಎಂಬ ಸಹಾಯವಾಣಿಗೆ ದೂರು ಕೊಡುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಹಣ ಹೋದ ಗಳಿಗೆಯಲ್ಲೇ ಆ ಸಂಖ್ಯೆಗೆ ಕರೆಮಾಡಿದರೆ ತಡೆಯುವ ಅವಕಾಶ ಹೆಚ್ಚು.

ಅಂಗಡಿಗಳ ವಿಷಯಕ್ಕೆ ಬರೋಣ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಅದರ ಅಂಗಡಿ ಕನ್ನಡದಲ್ಲಿ ತೆರೆದದ್ದು 2020ರ ಜೂನ್ ತಿಂಗಳಲ್ಲಿ! ಅಮೆಜಾನ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕನ್ನಡಕ್ಕೆ ಬಂದಿತು. ಹುಟ್ಟಿದೂರಿನ ನುಡಿ ಕಲಿಯಲು ಹದಿಮೂರು ವರ್ಷ ಬೇಕಾಯಿತೆಂದರೆ ಅದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಲ್ಲ. ಅಷ್ಟರಲ್ಲಿ ರಾಯರ ಕೀಲಿಮಣೆ ಹಳೆಯದಾಗಿತ್ತು, ಯೂನಿಕೋಡ್ ನೆಲೆಗೊಂಡಿತ್ತು. ಕನ್ನಡ ಬೇಕೆಂದು ಕೇಳುವ ಗ್ರಾಹಕರ ಗುಂಪುಗಳು ಬೆಳೆದು, ಪಟ್ಟಣದಾಚೆಯ ಕೊಳ್ಳುವವರ ಎಣಿಕೆ ವ್ಯಾಪಾರಿಗಳ ಕಣ್ಣಿಗೆ ಬಿದ್ದ ಮೇಲೆಯೇ ಬಾಗಿಲು ತೆರೆಯಿತು. ಕೇಳಿದ್ದಕ್ಕೆ ಫಲವುಂಟು. 2021ರ ಜೂನಿನಲ್ಲಿ ಗೂಗಲ್ ಶೋಧದಲ್ಲಿ ಕನ್ನಡವನ್ನು ಹೀನವಾಗಿ ಹೇಳುವ ಉತ್ತರವೊಂದು ಕಾಣಿಸಿಕೊಂಡಾಗ ಜನ ಸಿಡಿದೆದ್ದರು. ಆ ಸಂಸ್ಥೆ ಅದನ್ನು ತೆಗೆದು ಕ್ಷಮೆ ಕೇಳಿತು.

ಕಾನೂನೂ ಮುಂದೆ ಸಾಗಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಎದುರಾಳಿಯ ಊರಿನಲ್ಲಿ ಅಥವಾ ವ್ಯವಹಾರ ನಡೆದ ಕಡೆ ದೂರು ಹೂಡಬೇಕಾಗಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆ, ದೂರುದಾರ ತಾನು ವಾಸಿಸುವ ಕಡೆಯೇ ದೂರು ಕೊಡಬಹುದೆಂದಿತು. ದೆಹಲಿಯ ವ್ಯಾಪಾರಿಯ ಮೇಲೆ ಅಡ್ಡಗದ್ದೆಯವನು ಚಿಕ್ಕಮಗಳೂರಿನಲ್ಲೇ ದಾವೆ ಹೂಡಬಹುದು. ಜಾಲದ ಅಂಗಡಿಗಳು ಕುಂದುಕೊರತೆಯ ಅಧಿಕಾರಿಯನ್ನಿಟ್ಟು, 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದುದಾಗಿ ತಿಳಿಸಿ, ತಿಂಗಳೊಳಗೆ ಪರಿಹರಿಸಬೇಕೆಂಬ ನಿಯಮವೂ 2020ರದೇ. ಸಲಹೆ ಬೇಕಾದರೆ 1915ಕ್ಕೆ ಕರೆಮಾಡಿ.

ಮಕ್ಕಳ ಆಟಗಳ ವಿಷಯ ಹೇಳಹೊರಟರೆ ಬೇರೆಯೇ ಲೇಖನವಾದೀತು. ಹಣವಿಟ್ಟು ಆಡುವ ಜಾಲದ ಆಟಗಳನ್ನು ನಮ್ಮ ರಾಜ್ಯ 2021ರಲ್ಲಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾಯಿದೆ ತಂದಿತು. ಇಷ್ಟು ಮಾತ್ರ ಗಮನಿಸಿ: ಆಟದ ಮುಂಚೆ ಬರುವ ಉದ್ದನೆಯ ಕರಾರುಪತ್ರವನ್ನು ಮಗ ಓದುವುದಿಲ್ಲ, ತಂದೆ ಓದಲಾರ, ‘ಒಪ್ಪಿದೆ’ ಎಂದು ಇಬ್ಬರ ಪರವಾಗಿಯೂ ಒತ್ತಿ ಆಗಿರುತ್ತದೆ. ಅಲ್ಲಿ ಎರಡನೆಯ ತೆರೆ ಇಂದಿಗೂ ಇಲ್ಲ.

ಈಗ ಯಂತ್ರಕ್ಕೆ ಕಿವಿಯೂ ಬಂದಿದೆ. ಗೂಗಲ್‌ನವರು 2017ರಲ್ಲಿ ಕನ್ನಡದ ಮಾತನ್ನು ಕೇಳಿ ಬರೆದುಕೊಳ್ಳುವ ಏರ್ಪಾಡನ್ನು ತಂದರು. ರೇಡಿಯೋ ಮಾತನಾಡುತ್ತಿತ್ತು, ನಾವು ಕೇಳುತ್ತಿದ್ದೆವು; ಈಗ ನಾವು ಹೇಳುತ್ತೇವೆ, ಅದು ಕೇಳುತ್ತದೆ. ಅಕ್ಷರ ಹುಡುಕಲು ಬೇಸರಿಸುವ ಹಿರಿಯರಿಗೆ ಇದು ದೊಡ್ಡ ಉಪಕಾರ. ಆದರೆ ಅದು ಕಲಿತಿರುವುದು ಬಹುಮಟ್ಟಿಗೆ ಪಟ್ಟಣದ ಕನ್ನಡ. ಅಡಕೆ ಕೊಯ್ಲಿನ ಕಾಲದಲ್ಲಿ ನಮ್ಮ ನೆರೆಮನೆಯ ಅಮ್ಮನವರು ಬೆಂಗಳೂರಿನ ಮಗನಿಗೆ, ಮರ ಹತ್ತಿ ಕೊನೆ ಇಳಿಸುವವನ ವಿಷಯ ತಿಳಿಸಲು, “ನಾಳೆ ಕೊನೆಗೌಡ ಬರ್ತಾನೆ” ಎಂದು ಫೋನಿಗೆ ಹೇಳಿದರು. ಯಂತ್ರ “ನಾಳೆ ಕೊನೆಗೂ ಬರ್ತಾನೆ” ಎಂದು ಬರೆಯಿತು. ಅಮ್ಮನವರು ಕನ್ನಡಕ ಏರಿಸಿ ನೋಡಿ, ‘ಗೂ’ ಅಳಿಸಿ, ‘ಗೌಡ’ ಎಂದು ಬೆರಳಿನಿಂದಲೇ ತಿದ್ದಿ ಕಳುಹಿಸಿದರು.