ಹೃದಯದ ಗುಳಿಗೆ ಮಿದುಳನ್ನು ಕಾದೀತೇ?

ಧಾರವಾಡದ ಸಪ್ತಾಪುರದ ಔಷಧ ಅಂಗಡಿಗಳಲ್ಲಿ ಬಿ.ಪಿ., ಶುಗರ್ ಗುಳಿಗೆಗಳ ಜೊತೆಗೇ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆಯೂ ಸಿಗುತ್ತದೆ. ಹೃದಯಕ್ಕೆಂದು ಹಿರಿಯರು ನುಂಗುವ ಈ ಗುಳಿಗೆ, ವಂಶದಲ್ಲಿ ಇಳಿದುಬರುವ ನರಕ್ಷಯ ರೋಗಗಳ ವೇಗವನ್ನೂ ತಗ್ಗಿಸೀತೇ? ಈ ಪ್ರಶ್ನೆಗೆ ಕಾಲು ಶತಮಾನ ದಾಟಿದೆ.

ಜಪಾನಿನ ಅಕಿರಾ ಎಂಡೊ 1973ರಲ್ಲಿ ಬೂಷ್ಟಿನಿಂದ ಮೊದಲ ಸ್ಟಾಟಿನ್ ಪಡೆದರು. 1987ರಲ್ಲಿ ಲೋವಾಸ್ಟಾಟಿನ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ ಮಿದುಳಿನ ಲೆಕ್ಕವೇ ಬೇರೆ. ತೂಕದಲ್ಲಿ ದೇಹದ ಶೇ. 2ರಷ್ಟಿರುವ ಅದರಲ್ಲಿ ದೇಹದ ಕೊಲೆಸ್ಟ್ರಾಲಿನ ಸುಮಾರು ಕಾಲುಭಾಗವಿದೆ. ರಕ್ತದ ಕೊಲೆಸ್ಟ್ರಾಲ್ ಅಲ್ಲಿಗೆ ದಾಟದು. ಬೇಕಾದಷ್ಟನ್ನು ಮಿದುಳು ತಾನೇ ಮಾಡಿಕೊಳ್ಳುತ್ತದೆ.

ಮೊದಲ ಆಸೆ ಹುಟ್ಟಿದ್ದು ಅಡ್ರಿನೊಲ್ಯೂಕೊಡಿಸ್ಟ್ರಫಿಯಲ್ಲಿ. ಅತಿ ಉದ್ದನೆಯ ಕೊಬ್ಬಿನ ಆಮ್ಲಗಳು ಶೇಖರವಾಗಿ ನರಗಳ ಹೊದಿಕೆ ಹಾಳಾಗುವ ಕಾಯಿಲೆ ಅದು. ಲೋವಾಸ್ಟಾಟಿನ್ ಕೊಟ್ಟಾಗ ರಕ್ತದಲ್ಲಿ ಆ ಆಮ್ಲಗಳು ಇಳಿದವೆಂದು 1998ರಲ್ಲಿ ವರದಿಯಾಯಿತು. 2010ರ ಡಚ್ ಪ್ರಯೋಗ ಒಗಟು ಬಿಡಿಸಿತು: ಆಮ್ಲ ಹೊತ್ತೊಯ್ಯುವ ಎಲ್‌ಡಿಎಲ್ ಕಡಿಮೆಯಾದ್ದರಿಂದ ಅಂಕಿ ಇಳಿದಿತ್ತು, ರಕ್ತಕಣಗಳೊಳಗೆ ಏನೂ ಬದಲಾಗಿರಲಿಲ್ಲ.

ಹಂಟಿಂಗ್ಟನ್ ರೋಗದಲ್ಲಿ ತೊಡಕು ಇನ್ನೂ ಹೆಚ್ಚು. ಅದರ ಜೀನು 1993ರಲ್ಲಿ ಪತ್ತೆಯಾಯಿತು. ಆ ರೋಗದಲ್ಲಿ ಮಿದುಳಿನ ಕೊಲೆಸ್ಟ್ರಾಲ್ ಉತ್ಪಾದನೆ ಮೊದಲೇ ಕುಗ್ಗಿರುತ್ತದೆ. ಹೀಗಿದ್ದೂ ಸ್ಟಾಟಿನ್ ಸೇವಿಸುತ್ತಿದ್ದ ಜೀನುಧಾರಿಗಳಲ್ಲಿ ಲಕ್ಷಣಗಳು ತಡವಾಗಿ ಕಂಡವೆಂದು 2019ರ ವಿಶ್ಲೇಷಣೆ ಹೇಳಿತು. ಅದು ದಾಖಲೆಗಳ ಹೋಲಿಕೆಯೇ ಹೊರತು ಔಷಧ ಕೊಟ್ಟು ನೋಡಿದ ಪ್ರಯೋಗವಲ್ಲ.

ಹೆಚ್ಚು ಭರವಸೆ ಮೂಡಿಸಿರುವುದು ಬ್ಯಾಟನ್ ರೋಗದ ಸಿಎಲ್‌ಎನ್2 ಬಗೆ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಫಿಟ್ಸ್ ಬರುತ್ತದೆ. ಕಲಿತ ಮಾತು, ನಡಿಗೆ, ದೃಷ್ಟಿ ಒಂದೊಂದಾಗಿ ಹೋಗುತ್ತವೆ. ಟಿಪಿಪಿ1 ಕಿಣ್ವದ ಕೊರತೆಯಿಂದ ಜೀವಕೋಶಗಳಲ್ಲಿ ಕಸ ಉಳಿಯುವುದೇ ಕಾರಣ. ಅಮೆರಿಕದಲ್ಲಿ ಕಲಿಪದ ಪಹಾನ್ ಅವರ ತಂಡ ಜೆಮ್‌ಫೈಬ್ರೊಜಿಲ್ ಎಂಬ, ಸ್ಟಾಟಿನ್ ಅಲ್ಲದ ಆದರೆ ಕೊಬ್ಬಿಳಿಸುವ ಇನ್ನೊಂದು ಹಳೆಯ ಔಷಧ ಈ ಕಿಣ್ವವನ್ನು ಹೆಚ್ಚಿಸುತ್ತದೆಂದು 2012ರಲ್ಲಿ ತೋರಿಸಿತು. 2017ರಲ್ಲಿ ರೋಗಪೀಡಿತ ಇಲಿಗಳ ಆಯುಷ್ಯ ಹೆಚ್ಚಿದ್ದನ್ನು ವರದಿಮಾಡಿತು. ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕಿಣ್ವ ಚಿಕಿತ್ಸೆಯನ್ನು ಎರಡು ವಾರಕ್ಕೊಮ್ಮೆ ನೇರವಾಗಿ ಮಿದುಳಿಗೇ ಹರಿಸಬೇಕು. ಬಾಯಿಂದ ನುಂಗುವ ಅಗ್ಗದ ಔಷಧದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ನಮಗೆ ಇದು ದೂರದ ಮಾತಲ್ಲ. ಸಿಎಲ್‌ಎನ್2 ತಂದೆ–ತಾಯಿ ಇಬ್ಬರಿಂದಲೂ ದೋಷದ ಜೀನು ಬಂದಾಗ ಮಾತ್ರ ತಲೆದೋರುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಕೊಟ್ಟು ತರುವ ಕರ್ನಾಟಕದಲ್ಲಿ ಸುಮಾರು ಕಾಲುಭಾಗ ಮದುವೆಗಳು ಹಾಗೆಯೇ ಆಗುತ್ತವೆ. ಅಂಥ ಮದುವೆಗಳಲ್ಲಿ ಈ ಅಪಾಯ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ರೋಗದ ಸಾಧ್ಯತೆ ಶೇ. 25. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳ ಬಾಗಿಲು ಬೇಗ ತಟ್ಟಿ, ಜೀನು ಪರೀಕ್ಷೆ ಮತ್ತು ಸಲಹೆ ಪಡೆಯುವುದು ಇಂದೇ ಆಗಬಹುದಾದ ಕೆಲಸ.

ಲೋವಾಸ್ಟಾಟಿನ್ ಕಲಿಸಿದ ಪಾಠ ಮರೆಯಬಾರದು. ರಕ್ತದ ರಿಪೋರ್ಟ್ ಸುಧಾರಿಸಿದರೆ ಸಾಲದು. ಮಗುವಿನ ಮಾತು ಉಳಿಯಬೇಕು. ಇಲಿಯಿಂದ ಮಗುವಿನವರೆಗಿನ ಆ ಪರೀಕ್ಷೆ ಮುಗಿಯುವ ತನಕ, ಮನೆಯಲ್ಲಿರುವ ಗುಳಿಗೆಯನ್ನು ವೈದ್ಯರನ್ನು ಕೇಳದೆ ಯಾರಿಗೂ ಕೊಡಬಾರದು.