ಯಂತ್ರಕ್ಕೆ ಕಂಠ ಬಂದ ಕಥೆ

ದೂರದ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡುತ್ತೀರಿ. ಆ ಕಡೆಯಿಂದ 'ಹಲೋ' ಎಂಬ ಒಂದೇ ಪದ ಕೇಳಿದರೆ ಸಾಕು, ಅಮ್ಮ ಸಂತೋಷವಾಗಿದ್ದಾರೋ ಬೇಸರದಲ್ಲಿದ್ದಾರೋ ನಿಮಗೆ ಗೊತ್ತಾಗಿಬಿಡುತ್ತದೆ. ಹಳೆಯ ತಂತಿ ದೂರವಾಣಿ ಸಾಗಿಸುತ್ತಿದ್ದುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ. ಕಂಠದ ಉಳಿದ ಭಾಗವೆಲ್ಲ ದಾರಿಯಲ್ಲೇ ನಷ್ಟವಾದರೂ ಭಾವ ಮಾತ್ರ ತಲುಪುತ್ತಿತ್ತು! ಹಾಗಾದರೆ ಧ್ವನಿಯಲ್ಲಿ ಭಾವ ಅಡಗಿರುವುದೆಲ್ಲಿ? ಯಂತ್ರದ ಮೂಲಕ ಹಾಯ್ದು ಬಂದರೂ ಅದು ಉಳಿಯುತ್ತದೆಯೇ? ವಿದ್ಯುನ್ಮಾನ ಸಂಗೀತದ ಚರಿತ್ರೆಯುದ್ದಕ್ಕೂ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ದೂರವಾಣಿಯ ಕೂಸು

ಕಥೆ ಆರಂಭವಾಗುವುದು ಸಂಗೀತ ಸಭೆಯಲ್ಲಲ್ಲ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕಡಿಮೆ ಆವೃತ್ತಿಪಟ್ಟಿಯಲ್ಲಿ ಮಾತನ್ನು ಸಾಗಿಸುವ ಉಪಾಯವನ್ನು ಅಲ್ಲಿನ ಎಂಜಿನಿಯರ್ ಹೋಮರ್ ಡಡ್ಲಿ 1928ರಿಂದ ಹುಡುಕುತ್ತಿದ್ದರು. ಅವರು ಗಮನಿಸಿದ ಸಂಗತಿ ಸರಳವಾದುದು. ಧ್ವನಿತಂತುಗಳು ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತವೆ. ಆದರೆ ಆ ಝೇಂಕಾರಕ್ಕೆ 'ಆ', 'ಈ', 'ಊ' ಎಂಬ ರೂಪ ಕೊಡುವ ನಾಲಿಗೆ ಮತ್ತು ತುಟಿಗಳ ಚಲನೆ ಬಹಳ ನಿಧಾನ. ಸೆಕೆಂಡಿಗೆ ಕೆಲವೇ ಬಾರಿ. ಹೀಗಿರುವಾಗ ಇಡೀ ಧ್ವನಿತರಂಗವನ್ನೇ ಏಕೆ ಕಳುಹಿಸಬೇಕು? ನಿಧಾನವಾಗಿ ಬದಲಾಗುವ ಆ 'ರೂಪ'ವನ್ನಷ್ಟೇ ಕಳುಹಿಸಿ, ಝೇಂಕಾರವನ್ನು ಆಚೆ ತುದಿಯಲ್ಲಿ ಹೊಸದಾಗಿ ಉತ್ಪಾದಿಸಿದರೆ ಸಾಕಲ್ಲವೇ?

ಇದೇ ವೋಕೋಡರ್‌ನ ತತ್ತ್ವ. ಮಾತನ್ನು ಹಲವು ಶೋಧಕಗಳ ಮೂಲಕ ಹಾಯಿಸಿ, ಪ್ರತಿಯೊಂದು ಆವೃತ್ತಿಪಟ್ಟಿಯಲ್ಲಿ ಎಷ್ಟು ಶಕ್ತಿಯಿದೆ ಎಂದು ಅಳೆಯುವುದು. ಆಚೆ ತುದಿಯಲ್ಲಿ ಆ ಅಳತೆಗಳಂತೆ ಬೇರೊಂದು ಝೇಂಕಾರವನ್ನು ತಿದ್ದುವುದು. ಎರಡನೆಯ ಮಹಾಯುದ್ಧದಲ್ಲಿ, 1943ರಿಂದ, ಮಿತ್ರರಾಷ್ಟ್ರಗಳ ನಾಯಕರ ರಹಸ್ಯ ಸಂಭಾಷಣೆಗಳಿಗೆ ಇದೇ ತಂತ್ರ ನೆರವಾಯಿತು.

ಡಡ್ಲಿಯವರ ಇನ್ನೊಂದು ಯಂತ್ರ ವೋಡರ್. 1939ರ ನ್ಯೂಯಾರ್ಕ್ ವಿಶ್ವ ವಸ್ತುಪ್ರದರ್ಶನದಲ್ಲಿ ಅದು ಜನರ ಮುಂದೆ ಮಾತನಾಡಿತು. ಅದನ್ನು ನುಡಿಸುತ್ತಿದ್ದವರು ತರಬೇತಿ ಪಡೆದ ಯುವತಿಯರು. ಬೆರಳುಗಳು ಹತ್ತು ಶೋಧಕಗಳನ್ನು ನಿಯಂತ್ರಿಸಿದರೆ, ಮಣಿಕಟ್ಟಿನ ಬಳಿಯ ಪಟ್ಟಿ ಝೇಂಕಾರ ಬೇಕೋ ಉಸಿರಿನ ಸದ್ದು ಬೇಕೋ ಎಂದು ನಿರ್ಧರಿಸುತ್ತಿತ್ತು. ಸ್ಥಾಯಿಯ ಏರಿಳಿತ ಕಾಲಿನ ಕೆಳಗಿನ ಪೆಡಲಿನದು. ಸಲೀಸಾಗಿ ಮಾತನಾಡಿಸಲು ಸುಮಾರು ಒಂದು ವರ್ಷದ ಅಭ್ಯಾಸ ಬೇಕಿತ್ತು. ಮೂರು ಪದಗಳ ಒಂದೇ ವಾಕ್ಯದಲ್ಲಿ ಒತ್ತನ್ನು ಒಂದೊಂದು ಸಲ ಒಂದೊಂದು ಪದದ ಮೇಲೆ ಇಟ್ಟು ಅವರು ಅರ್ಥವನ್ನೇ ಬದಲಿಸಿ ತೋರಿಸುತ್ತಿದ್ದರು. ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ ನೋಡಿ: ಯಂತ್ರದ್ದು ಬರಿಯ ಝೇಂಕಾರ, ಅದಕ್ಕೆ ಭಾವ ತಂದದ್ದು ಪೆಡಲಿನ ಮೇಲಿದ್ದ ಕಾಲು.

ಮನೆಗೆ ಬಂದ ಸ್ಟುಡಿಯೋ

1950ರ ದಶಕದ ಆರಂಭದಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಗಾಯಕಿ ಮೇರಿ ಫೋರ್ಡ್ ದಂಪತಿ, ಒಂದು ಧ್ವನಿಮುದ್ರಣದ ಮೇಲೆ ಇನ್ನೊಂದನ್ನು ಕೂಡಿಸಿ ಒಂದೇ ಕಂಠದಿಂದ ಮೇಳವನ್ನೇ ಸೃಷ್ಟಿಸಿ ತೋರಿಸಿದರು. 1970ರ ಸುಮಾರಿಗೆ ವೆಂಡಿ ಕಾರ್ಲೋಸ್ ಮತ್ತು ರಾಬರ್ಟ್ ಮೂಗ್ ವೋಕೋಡರನ್ನು ಹಾಡಿಗೆ ಒಗ್ಗಿಸಿದರು. 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದದಿಂದಾಗಿ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದೇ ಭಾಷೆಯಲ್ಲಿ 'ಮಾತನಾಡಲು' ಸಾಧ್ಯವಾಯಿತು. ಅದರಲ್ಲಿ ಸಾಗುವುದು ಧ್ವನಿಯಲ್ಲ, ಸೂಚನೆ: ಯಾವ ಮನೆ ಒತ್ತಲಾಯಿತು, ಎಷ್ಟು ಬಿರುಸಾಗಿ ಎಂಬ ಲೆಕ್ಕ. ಆ ಬಿರುಸಿಗೆ 0ಯಿಂದ 127ರವರೆಗೆ ಒಟ್ಟು 128 ಬೆಲೆಗಳು.

ಇನ್ನೊಂದು ಉಪಕರಣ ತೈಲಶೋಧದ ಕ್ಷೇತ್ರದಿಂದ ಬಂದದ್ದು ನಿಮಗೆ ಆಶ್ಚರ್ಯವೆನಿಸಬಹುದು. ಭೂಮಿಯೊಳಕ್ಕೆ ಕಳುಹಿಸಿದ ಕಂಪನಗಳ ಪ್ರತಿಧ್ವನಿಯನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್, ಆ ಕ್ಷೇತ್ರದ ಗಣಿತವನ್ನು ಬಳಸಿ 1997ರಲ್ಲಿ 'ಆಟೋ-ಟ್ಯೂನ್' ತಂತ್ರಾಂಶವನ್ನು ಹೊರತಂದರು. ತರಂಗವನ್ನು ಅದರದೇ ತಡವಾದ ಪ್ರತಿಯೊಂದಿಗೆ ಹೋಲಿಸಬೇಕು. ಎಷ್ಟು ತಡ ಮಾಡಿದಾಗ ಎರಡೂ ಮೊದಲ ಬಾರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆಯೋ ಅದೇ ಅದರ ಆವರ್ತಕಾಲ. 220 ಹರ್ಟ್ಸ್ ಸ್ವರಕ್ಕೆ ಇದು ಸುಮಾರು 4.5 ಮಿಲಿಸೆಕೆಂಡ್. ಸ್ವರ ತಿಳಿದ ಮೇಲೆ ತಂತ್ರಾಂಶ ಅದನ್ನು ಹತ್ತಿರದ ಸರಿಯಾದ ಸ್ವರಕ್ಕೆ ಎಳೆಯುತ್ತದೆ. ತೀರಾ ವೇಗವಾಗಿ ಎಳೆದರೆ ಸ್ವರದಿಂದ ಸ್ವರಕ್ಕೆ ಜಾರುವ ಗಮಕವೇ ಅಳಿಸಿಹೋಗಿ, ಮೆಟ್ಟಿಲು ಹತ್ತಿದಂತೆ ಕೇಳುತ್ತದೆ. 1998ರಲ್ಲಿ ಗಾಯಕಿ ಷೇರ್ ಅವರ 'ಬಿಲೀವ್' ಹಾಡಿನಲ್ಲಿ ಈ ದೋಷವೇ ಅಲಂಕಾರವಾಯಿತು.

ಒಬ್ಬರೇ ಎಲ್ಲವೂ

ಈ ಎಲ್ಲ ಎಳೆಗಳೂ ಒಬ್ಬ ವ್ಯಕ್ತಿಯ ಕೋಣೆಯಲ್ಲಿ ಸೇರಿದಾಗ ಏನಾಯಿತು? ಇಂಗ್ಲೆಂಡಿನ ಇಮೊಜೆನ್ ಹೀಪ್ ಅವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1977ರಲ್ಲಿ ಹುಟ್ಟಿದ ಇವರ ಮೊದಲ ಆಲ್ಬಂ ಬಂದದ್ದು 1998ರಲ್ಲಿ. ಬಳಿಕ ಆ ಕಂಪನಿಯೊಂದಿಗಿನ ನಂಟು ಕಡಿಯಿತು. 2002ರಲ್ಲಿ ಗೈ ಸಿಗ್ಸ್‌ವರ್ತ್ ಜೊತೆಗೂಡಿ 'ಫ್ರೂ ಫ್ರೂ' ಎಂಬ ಹೆಸರಿನಲ್ಲಿ ಒಂದು ಆಲ್ಬಂ ಮಾಡಿದರು. ಅನಂತರ ಯಾರನ್ನೂ ಕಾಯದೆ, ತಮ್ಮ ಫ್ಲಾಟನ್ನು ಮರು ಅಡಮಾನಕ್ಕಿಟ್ಟು ಹಣ ಹೊಂದಿಸಿದರು. ರಚನೆ, ಗಾಯನ, ನಿರ್ಮಾಣ ಎಲ್ಲವನ್ನೂ ತಾವೇ ನಿರ್ವಹಿಸಿ 2005ರಲ್ಲಿ 'ಸ್ಪೀಕ್ ಫಾರ್ ಯುವರ್‌ಸೆಲ್ಫ್' ಎಂಬ ಆಲ್ಬಂ ಅನ್ನು ಸ್ವಂತ ಸಂಸ್ಥೆಯಿಂದ ಹೊರತಂದರು. ಹಾಡು ಸೋತಿದ್ದರೆ ಹೋಗುತ್ತಿದ್ದುದು ವಾಸದ ಮನೆ!

ಆ ಆಲ್ಬಂನ 'ಹೈಡ್ ಅಂಡ್ ಸೀಕ್' ಹಾಡು ಹುಟ್ಟಿದ ಬಗೆ ಸ್ವಾರಸ್ಯಕರ. ಕೆಲಸದ ನಡುವೆ ಕಂಪ್ಯೂಟರ್ ಕೆಟ್ಟುನಿಂತಿತು. ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಿಲ್ಲದೆ ಹೀಪ್, ಹಾರ್ಮನೈಸರ್ ಎಂಬ ಉಪಕರಣಕ್ಕೆ ಕೀಬೋರ್ಡ್ ಮತ್ತು ಮೈಕ್ ಜೋಡಿಸಿ, ನಾಲ್ಕು ಟ್ರ್ಯಾಕಿನ ಮಿನಿಡಿಸ್ಕ್‌ನಲ್ಲಿ ಹಾಡಿಕೊಂಡರು. ಡ್ರಮ್ ಇಲ್ಲ, ಗಿಟಾರ್ ಇಲ್ಲ. ಒಂದು ಕಂಠ ಮತ್ತು ಅದರಿಂದಲೇ ಹುಟ್ಟಿದ ಮೇಳ.

ಇದನ್ನು ವೋಕೋಡರ್ ಎಂದು ಹಲವರು ತಪ್ಪಾಗಿ ಹೇಳುವುದುಂಟು. ವೋಕೋಡರ್ ಬಾಯಿಯ ರೂಪವನ್ನು ಬೇರೊಂದು ಝೇಂಕಾರಕ್ಕೆ ತೊಡಿಸುತ್ತದೆ. ಹಾರ್ಮನೈಸರ್ ಹಾಗಲ್ಲ, ಅದು ಹಾಡಿದ ಕಂಠವನ್ನೇ ನಕಲು ಮಾಡಿ ಸ್ಥಾಯಿ ಬದಲಿಸುತ್ತದೆ. ಗಾಯಕಿ 220 ಹರ್ಟ್ಸ್‌ನಲ್ಲಿ ಷಡ್ಜ ಹಾಡುತ್ತಿದ್ದಾರೆ ಎಂದುಕೊಳ್ಳಿ. ಬೆರಳು ಅಂತರ ಗಾಂಧಾರದ ಮನೆಯನ್ನೂ ಪಂಚಮದ ಮನೆಯನ್ನೂ ಒತ್ತಿದರೆ ಸುಮಾರು 277 ಮತ್ತು 330 ಹರ್ಟ್ಸ್‌ನಲ್ಲಿ ಅದೇ ಕಂಠ ಜೊತೆಗೂಡುತ್ತದೆ. ಪಾಶ್ಚಾತ್ಯ ಕೀಬೋರ್ಡಿನಲ್ಲಿ ಪಕ್ಕಪಕ್ಕದ ಎರಡು ಮನೆಗಳ ಆವೃತ್ತಿಗಳ ಅನುಪಾತ 1.0595, ನಾಲ್ಕು ಮನೆ ದಾಟಿದರೆ 1.26, ಏಳು ಮನೆಗೆ 1.5ಕ್ಕೆ ಬಹಳ ಸಮೀಪ. ಗಾಯಕಿಯ ಉಸಿರು, ನಡುಕ, ವ್ಯಂಜನಗಳ ಒತ್ತು ಎಲ್ಲವೂ ಈ ನಕಲುಗಳಿಗೂ ಬರುತ್ತವೆ. ಆಕೆ ಉಸಿರು ಬಿಗಿಹಿಡಿದರೆ ಮೇಳವೂ ಮೌನ. ಆದುದರಿಂದಲೇ ಆ ಹಾಡು ಏಕಕಾಲದಲ್ಲಿ ಯಾಂತ್ರಿಕವೂ ಆರ್ತವೂ ಆಗಿ ಕೇಳುತ್ತದೆ. ವೋಡರ್‌ನ ಪೆಡಲಿನಂತೆ ಇಲ್ಲಿಯೂ ಯಂತ್ರ ಮನುಷ್ಯನ ಹಿಡಿತದಲ್ಲೇ ಇದೆ.

ಲಾಭ ಯಾರಿಗೆ?

ತಂತ್ರಜ್ಞಾನ ಅಗ್ಗವಾದೊಡನೆ ಸ್ವತಂತ್ರ ಕಲಾವಿದರ ಕಷ್ಟ ಮುಗಿಯಿತೆಂದು ತಿಳಿಯಬೇಡಿ. ಹಿಂದೆ ಗಾಯಕ, ಎಂಜಿನಿಯರ್, ನಿರ್ಮಾಪಕ, ಮಾರಾಟಗಾರ ಬೇರೆ ಬೇರೆ ಜನ. ಈಗ ಆ ಎಲ್ಲ ಹೊರೆಯೂ ಒಬ್ಬರದೇ. ತಿಂಗಳ ಸಂಬಳವಂತೂ ಇಲ್ಲ. ಆದರೆ ಕೃತಿಯ ಹಕ್ಕು ಕೈಯಲ್ಲಿದ್ದರೆ ಅದಕ್ಕೆ ಬೆಲೆಯಿದೆ. 2009ರಲ್ಲಿ ಜೇಸನ್ ಡೆರುಲೊ ಅವರ 'ವಾಚಾ ಸೇ' ಹಾಡು 'ಹೈಡ್ ಅಂಡ್ ಸೀಕ್'ನ ತುಣುಕನ್ನು ಬಳಸಿಕೊಂಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ರಚನಕಾರರಲ್ಲಿ ಹೀಪ್ ಅವರ ಹೆಸರೂ ಇತ್ತು. 2010ರಲ್ಲಿ ಅವರಿಗೆ 'ಎಲಿಪ್ಸ್' ಆಲ್ಬಂಗಾಗಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದು ಗಾಯನಕ್ಕಲ್ಲ, ಧ್ವನಿಮುದ್ರಣದ ಎಂಜಿನಿಯರಿಂಗ್‌ಗೆ! ಬಳಿಕ ಅವರು ತಂತ್ರಜ್ಞರ ತಂಡದೊಂದಿಗೆ, ಕೈಚಲನೆಯಿಂದಲೇ ಧ್ವನಿಯನ್ನು ತಿದ್ದುವ ಸಂವೇದಕಗಳುಳ್ಳ ಕೈಗವಸುಗಳನ್ನು ರೂಪಿಸಿದರು.

ಇಂದು ಕೆಲವೇ ನಿಮಿಷಗಳ ಮುದ್ರಣದಿಂದ ಒಬ್ಬರ ಕಂಠವನ್ನು ಅನುಕರಿಸುವ ತಂತ್ರಾಂಶಗಳಿವೆ. ಡಡ್ಲಿಯವರ ಯಂತ್ರಕ್ಕೆ ಪೆಡಲ್ ಒತ್ತುವ ಕಾಲು ಬೇಕಿತ್ತು. ಹೀಪ್ ಅವರ ಯಂತ್ರಕ್ಕೆ ಅವರ ಉಸಿರು ಬೇಕಿತ್ತು. ಇನ್ನು ಮುಂದೆ ಹಾಡುವವರೇ ಎದುರಿಗಿಲ್ಲದಿದ್ದಾಗ ಕಂಠ ಯಾರದು, ಅದರ ಗಳಿಕೆ ಯಾರದು? ಇದು ಭೌತವಿಜ್ಞಾನಕ್ಕಷ್ಟೇ ಬಿಟ್ಟ ಪ್ರಶ್ನೆಯಲ್ಲ.

ಮಾಡಿ ನೋಡಿ: ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ನಿಮ್ಮ 'ಆ' ಕಾರವನ್ನು ಮುದ್ರಿಸಿಕೊಳ್ಳಿ. ಅದರ ಪ್ರತಿ ತೆಗೆದು ಸ್ಥಾಯಿಯನ್ನು ನಾಲ್ಕು ಮನೆ ಏರಿಸಿ. ಇನ್ನೊಂದು ಪ್ರತಿಯನ್ನು ಏಳು ಮನೆ ಏರಿಸಿ. ಮೂರನ್ನೂ ಒಟ್ಟಿಗೆ ಕೇಳಿ. ಏರಿಸಿದ ಕಂಠಗಳು ಚಿಕ್ಕ ಮಕ್ಕಳದರಂತೆ ಕೇಳುತ್ತವೆ. ಸ್ಥಾಯಿಯ ಜೊತೆಗೆ ಬಾಯಿಯ ಅನುರಣನೆಗಳೂ ಮೇಲೆ ಸರಿಯುವುದೇ ಇದಕ್ಕೆ ಕಾರಣ. ಆಮೇಲೆ ನಿಮ್ಮ ತರಗತಿಯ ಮೂವರು ಅದೇ ಮೂರು ಸ್ವರಗಳನ್ನು ಹಾಡಲಿ. ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಹೇಳಲಿ.